ಮಗನ ಮೊದಲ ರೈಫಲ್‌ಗೆ ಎಂಥ ಸ್ಕೋಪ್ ಹಾಕಿಸಲಿ?

ಪ್ರಶ್ನೆ: ನಾವು ಕೊಡಗಿನವರು. ಪೆನ್ಸಿಲ್ವೇನಿಯಾಕ್ಕೆ ಬಂದು ಬಹಳ ವರ್ಷವಾಯಿತು, ಗ್ರೀನ್ ಕಾರ್ಡೂ ಇದೆ. ಮಗನಿಗೆ 13 ವರ್ಷ. ಬೇಸಿಗೆ ರಜೆಯಲ್ಲಿ ಬೇಟೆ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಂದಿದ್ದಾನೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಜಿಂಕೆ ಬೇಟೆಗೆ ಬನ್ನಿ ಎಂದು ಪಕ್ಕದ ಮನೆಯವರು ನಮ್ಮಿಬ್ಬರನ್ನೂ ಕರೆದಿದ್ದಾರೆ. .243 ವಿಂಚೆಸ್ಟರ್ ಬೋಲ್ಟ್ ಆಕ್ಷನ್ ರೈಫಲ್, ಮಕ್ಕಳಿಗೆಂದೇ ಮಾಡಿದ ಗಿಡ್ಡ ಸ್ಟಾಕಿನದು (ಭುಜಕ್ಕೆ ಒರಗಿಸುವ ಹಿಂಭಾಗ), ತೆಗೆದುಕೊಂಡಿದ್ದೇನೆ. ಸ್ಕೋಪಿಗೆ (ರೈಫಲ್ ಮೇಲೆ ಕೂರಿಸುವ ದುರ್ಬೀನಿಗೆ) 200 ಡಾಲರ್‌ಗಿಂತ ಹೆಚ್ಚು ಹಾಕುವ ಮನಸ್ಸಿಲ್ಲ. ಅಂಗಡಿಯಲ್ಲಿ 6-24×50 ಒಂದಿದೆ, ಆಫರ್‌ನಲ್ಲಿ 120ಕ್ಕೆ ಕೊಡುತ್ತಾರಂತೆ. ತೆಗೆದುಕೊಳ್ಳಲೇ? ಇನ್ನೊಂದು ಮಾತು: ಊರಲ್ಲಿ ಕೈಲ್ ಮುಹೂರ್ತಕ್ಕೆ ಬರಿಯ ಕೋವಿಯಲ್ಲೇ ತೆಂಗಿನಕಾಯಿ ಉರುಳಿಸಿದವರು ನಾವು. ಅವನಿಗೆ ಸ್ಕೋಪ್ ಬೇಕೇ ಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೇಕು. ಈಗಿನ ಕಡಿಮೆ ಬೆಲೆಯ ಯೂತ್ ರೈಫಲ್‌ಗಳಲ್ಲಿ ಹೆಚ್ಚಿನವಕ್ಕೆ ಕಾರ್ಖಾನೆಯಿಂದ ಬರುವಾಗಲೇ ಸೈಟ್ (ಬರಿಗಣ್ಣಿನಲ್ಲಿ ಗುರಿ ಹಿಡಿಯುವ ಗುರುತು) ಇರುವುದಿಲ್ಲ. ಬ್ಯಾರಲ್ ಮೇಲೆ ಏನೂ ಇಲ್ಲದಿದ್ದರೆ ಗುರಿ ಹಿಡಿಯುವುದಾದರೂ ಹೇಗೆ? ಸೈಟ್ ಇದ್ದರೂ ನಾನು ಸ್ಕೋಪನ್ನೇ ಹೇಳುತ್ತಿದ್ದೆ. ತೆಂಗಿನಕಾಯಿ ಕಟ್ಟುವುದು ಬಿಸಿಲಿಗೆ, ಅದು ಕದಲುವುದೂ ಇಲ್ಲ. ಜಿಂಕೆ ಬರುವುದು ನಸುಕಿನಲ್ಲಿ ಇಲ್ಲವೇ ಮುಸ್ಸಂಜೆಯಲ್ಲಿ, ಒಣಗಿದೆಲೆಯ ಬಣ್ಣದ ಮೈ ಹೊತ್ತು. ಪೆನ್ಸಿಲ್ವೇನಿಯಾದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಗುಂಡು ಹಾರಿಸಲು ಅವಕಾಶವಿದೆ, ಸಂಜೆಯೂ ಸೂರ್ಯಾಸ್ತವಾಗಿ ಅರ್ಧ ಗಂಟೆಯವರೆಗೆ. ಆ ಬೆಳಕಿನಲ್ಲಿ ಹಿಂದಿನ ಸೈಟು, ಮುಂದಿನ ಗುಂಡಿ, ದೂರದ ಪ್ರಾಣಿ, ಮೂರನ್ನೂ ಒಂದೇ ಸಾಲಿಗೆ ತರುವುದು ಹೊಸ ಹುಡುಗನಿಗೆ ಕಷ್ಟ. ಸ್ಕೋಪಿನಲ್ಲಿ ಗುರಿ ತೋರುವ ಅಡ್ಡಗೆರೆಯೂ (ಕ್ರಾಸ್‌ಹೇರ್) ಪ್ರಾಣಿಯೂ ಒಂದೇ ದೂರದಲ್ಲಿ ಇದ್ದಂತೆ ಕಾಣುತ್ತವೆ. ಅವನು ನೋಡಬೇಕಾದ್ದು ಒಂದೇ ಕಡೆ.

ಇನ್ನು ಆ 6-24×50. ಬೇಡ. ಉಚಿತವಾಗಿ ಕೊಟ್ಟರೂ ಈ ರೈಫಲ್‌ಗೆ ಬೇಡ.

ಈ ಸಂಖ್ಯೆಗಳ ಅರ್ಥ ಇಷ್ಟೇ: ಮೊದಲಿನವು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು, ಕೊನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್‌ನಲ್ಲಿ. ಆ ಸ್ಕೋಪನ್ನು ಎಷ್ಟೇ ಇಳಿಸಿದರೂ 6ಕ್ಕಿಂತ ಕೆಳಗೆ ಬರುವುದಿಲ್ಲ. ನಿಮ್ಮ ಕಡೆಯ ಕಾಡಿನಲ್ಲಿ ಹೆಚ್ಚಿನ ಜಿಂಕೆಗಳಿಗೆ ಗುಂಡು ಬೀಳುವುದು 100 ಗಜದೊಳಗೆ, ಎಷ್ಟೋ ಸಲ 30-40 ಗಜದಲ್ಲಿ. 6 ಪಟ್ಟಿನಲ್ಲಿ 30 ಗಜ ದೂರದ ನೋಟದ ಅಗಲ ಹೆಚ್ಚುಕಡಿಮೆ ಐದು ಅಡಿ, ಅಂದರೆ ಒಂದು ಜಿಂಕೆಯ ಉದ್ದ. ಮರಗಳ ನಡುವೆ ಜಿಂಕೆ ನಡೆಯುತ್ತಿದ್ದರೆ ಹುಡುಗನಿಗೆ ಕಾಣುವುದು ಕಂದು ರೋಮ, ಆಮೇಲೆ ಮರದ ತೊಗಟೆ, ಮತ್ತೆ ರೋಮ. ಅದು ಭುಜವೋ ಹಿಂಗಾಲೋ ಗೊತ್ತಾಗುವಷ್ಟರಲ್ಲಿ ಪ್ರಾಣಿ ಇರುವುದಿಲ್ಲ. ಅದೇ 3-9×40 ಸ್ಕೋಪನ್ನು 3ಕ್ಕೆ ಇಟ್ಟರೆ 100 ಗಜದಲ್ಲಿ ಸುಮಾರು 34 ಅಡಿ ಅಗಲ ಕಾಣುತ್ತದೆ, 9ಕ್ಕೆ ಏರಿಸಿದರೆ 12 ಅಡಿ ಚಿಲ್ಲರೆ.

ಬೆಳಕಿನ ಲೆಕ್ಕ ಇನ್ನೂ ಮುಖ್ಯ. ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. ಬರುವ ಉತ್ತರವೇ ಸ್ಕೋಪಿನ ಹಿಂದಿನಿಂದ ಹೊರಬರುವ ಬೆಳಕಿನ ಕಂಬದ ದಪ್ಪ. 50ನ್ನು 24ರಿಂದ ಭಾಗಿಸಿದರೆ 2 ಮಿಲಿಮೀಟರ್ ಚಿಲ್ಲರೆ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ 7 ಮಿಲಿಮೀಟರ್‌ವರೆಗೂ ಅರಳುತ್ತದೆ. ಅಷ್ಟು ಅರಳಿದ ಕಣ್ಣಿಗೆ 2 ಮಿಲಿಮೀಟರ್ ಬೆಳಕು ಕೊಟ್ಟರೆ ಏನು ಕಂಡೀತು? ಸಾಧಾರಣ 40ರ ಲೆನ್ಸನ್ನು 6ಕ್ಕೆ ಇಟ್ಟರೆ 6.7, 4ಕ್ಕೆ ಇಟ್ಟರೆ 10. ಅಂದರೆ ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣಬೇಕೆಂದರೆ ಪಟ್ಟು ಇಳಿಸಬೇಕು. ಹೊಸಬರು ಮಾಡುವುದು ಇದಕ್ಕೆ ತದ್ವಿರುದ್ಧ, ಮಬ್ಬಾಯಿತು ಅಂತ ಇನ್ನಷ್ಟು ಏರಿಸುತ್ತಾರೆ. 50ರ ಲೆನ್ಸಿಗೆ ಮತ್ತೊಂದು ತೊಡಕಿದೆ. ಅದು ಬ್ಯಾರಲ್‌ಗೆ ತಾಗದ ಹಾಗೆ ಎತ್ತರದ ರಿಂಗ್ (ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಬಳೆ) ಹಾಕಬೇಕು. ಆಗ ಕೆನ್ನೆ ಸ್ಟಾಕಿನ ಮೇಲೆ ಕೂರುವುದಿಲ್ಲ, ಹುಡುಗ ಕತ್ತು ಚಾಚಿ ಇಣುಕುತ್ತಾನೆ.

ಹಾಗಾದರೆ ಕೊಳ್ಳುವುದು ಯಾವುದು? 2-7×32 ಅಥವಾ 3-9×40. ಗಿಡ್ಡ, ಹಗುರ ರೈಫಲ್‌ಗೆ ನನ್ನ ಒಲವು ಮೊದಲಿನದರ ಕಡೆ, ಆದರೆ ಅಂಗಡಿಯಲ್ಲಿ ಸಲೀಸಾಗಿ ಸಿಗುವುದು, ಆಗಾಗ ಬೆಲೆ ಇಳಿಯುವುದು ಎರಡನೆಯದು. ವಿಸ್ಕಾನ್ಸಿನ್‌ನ ವೋರ್ಟೆಕ್ಸ್ ಕಂಪನಿಯ ಕ್ರಾಸ್‌ಫೈರ್ 2 ನಿಮ್ಮ 200ರೊಳಗೆ ಬರುತ್ತದೆ. ಕೊಲೊರಾಡೊದ ಬರ್ರಿಸ್ ಫುಲ್‌ಫೀಲ್ಡ್ ಅದರ ಆಸುಪಾಸಿನಲ್ಲಿ, ಸ್ವಲ್ಪ ಮೇಲೆ. ಆರೆಗಾನ್‌ನ ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಂ ಗಾಜು ಇವೆರಡಕ್ಕಿಂತ ಒಂದು ಕೈ ಮೇಲು, ಆದರೆ ಹೊಸದಕ್ಕೆ 300 ಡಾಲರ್ ಹತ್ತಿರ ಹೋಗುತ್ತದೆ. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಹಿಂಜರಿಯಬೇಡಿ. ವೋರ್ಟೆಕ್ಸ್ ಮತ್ತು ಲ್ಯೂಪೋಲ್ಡ್ ಎರಡೂ ಕೆಟ್ಟರೆ ರಿಪೇರಿ ಮಾಡಿಕೊಡುತ್ತವೆ, ನೀವೇ ಮೊದಲು ಕೊಂಡವರಾಗಿರಬೇಕೆಂಬ ಷರತ್ತಿಲ್ಲ. ಹಳೆಯ ನಿಕಾನ್ ಪ್ರೋಸ್ಟಾಫ್ ಸ್ಕೋಪುಗಳೂ ಒಳ್ಳೆಯವೇ, ಆದರೆ ನಿಕಾನ್ ರೈಫಲ್ ಸ್ಕೋಪ್ ಮಾಡುವುದನ್ನೇ ನಿಲ್ಲಿಸಿದೆ ಎನ್ನುವುದು ನೆನಪಿರಲಿ. 40-50 ಡಾಲರ್‌ನ ಹೆಸರಿಲ್ಲದ ಸ್ಕೋಪುಗಳಲ್ಲಿ ಗಾಜಿಗಿಂತ ಮೊದಲು ಕೈಕೊಡುವುದು ಒಳಗಿನ ಸ್ಪ್ರಿಂಗ್. ಗುರಿ ತಿದ್ದುವ ಗುಬಟು ತಿರುಗಿಸುತ್ತೀರಿ, ಗುರಿ ಕದಲುವುದಿಲ್ಲ. ಎರಡು ಗುಂಡು ಹೊಡೆದ ಮೇಲೆ ತಾನಾಗಿಯೇ ನೆಗೆಯುತ್ತದೆ. ತಪ್ಪು ತನ್ನದೇ ಅಂದುಕೊಂಡು ಹುಡುಗ ಪೆಚ್ಚಾಗುತ್ತಾನೆ.

ಡಬ್ಬಿಯ ಮೇಲೆ ನೋಡಬೇಕಾದ್ದು: ಲೆನ್ಸುಗಳ ಎಲ್ಲ ಮೇಲ್ಮೈಗೂ ಹಲವು ಪದರದ ಲೇಪನ ಇದೆಯೇ, ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿದೆಯೇ (ಇಲ್ಲದಿದ್ದರೆ ನವೆಂಬರ್ ಚಳಿಯಲ್ಲಿ ಒಳಗಡೆ ಹಬೆ ಕಟ್ಟುತ್ತದೆ), ಮತ್ತು ಕಣ್ಣಿಗೂ ಸ್ಕೋಪಿಗೂ ಎಷ್ಟು ಅಂತರ ಬಿಡುತ್ತದೆ. ಅಡ್ಡಗೆರೆ ಸರಳ ಡ್ಯೂಪ್ಲೆಕ್ಸ್ ಇದ್ದರೆ ಸಾಕು, ಅಂಚಿನಲ್ಲಿ ದಪ್ಪ, ನಡುವೆ ತೆಳು. ದೂರಕ್ಕೊಂದು ಗೆರೆಯಂತೆ ಕ್ರಿಸ್ಮಸ್ ಮರದ ಹಾಗೆ ಇರುವವು ಈ ವಯಸ್ಸಿಗೆ ಗೊಂದಲ. ದೀಪ ಹೊತ್ತುವ ಅಡ್ಡಗೆರೆಗೂ ಈ ಬೆಲೆಯಲ್ಲಿ ಆಸೆಪಡಬೇಡಿ.

ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಎಲ್ಲ ಸ್ಕೋಪೂ ಚೆನ್ನ. ಸಂಜೆ ಹೊತ್ತಿಗೆ ಹೋಗಿ, ಬರಿಯ ಸ್ಕೋಪನ್ನು ಬಾಗಿಲ ಹತ್ತಿರ ಒಯ್ದು, ಎದುರು ಕಟ್ಟಡದ ನೆರಳಿನ ಮೂಲೆಯನ್ನು ನೋಡಲು ಬಿಡುತ್ತೀರಾ ಎಂದು ಕೇಳಿ. ಮಗನ ಕೈಗೇ ಕೊಡಿ, ನೋಡಬೇಕಾದದ್ದು ಅವನ ಕಣ್ಣು.

ಕಣ್ಣಿನ ಅಂತರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮಕ್ಕಳಿಗೆ ಪೆಟ್ಟಾಗುವುದು ಇಲ್ಲೇ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. .243ರ ಒದೆ ದೊಡ್ಡದಲ್ಲ, ಆದರೂ ಹುಬ್ಬು ಸ್ಕೋಪಿಗೆ ತೀರ ಹತ್ತಿರವಿದ್ದರೆ ಅದರ ಅಂಚು ಚಂದ್ರಾಕಾರದ ಗಾಯ ಮಾಡಿಬಿಡುತ್ತದೆ. ಹುಬ್ಬಿನ ಗಾಯ ವಾರದಲ್ಲಿ ಮಾಯುತ್ತದೆ, ಟ್ರಿಗರ್ ಒತ್ತುವಾಗ ಕಣ್ಣು ಮುಚ್ಚುವ ಚಾಳಿ ವರ್ಷಗಟ್ಟಲೆ ಬಿಡುವುದಿಲ್ಲ. ಮೂರೂವರೆ ಇಂಚಿಗಿಂತ ಹೆಚ್ಚಿನ ಅಂತರ ಕೊಡುವ ಸ್ಕೋಪೇ ಇರಲಿ, ನಾಲ್ಕಿಂಚಿನ ಹತ್ತಿರವಿದ್ದರೆ ಇನ್ನೂ ವಾಸಿ. ಮಗ ಕನ್ನಡಕ ಹಾಕುವವನಾದರೆ ಇದು ಮತ್ತಷ್ಟು ಮುಖ್ಯ. ಕನ್ನಡಕ ತೆಗೆಸಬೇಡಿ. ಹಾಕಿಕೊಂಡೇ ನೋಡಿ ಹಿಂದಿನ ಲೆನ್ಸನ್ನು ತಿರುಗಿಸುತ್ತಾ ಅಡ್ಡಗೆರೆ ಸ್ಪಷ್ಟವಾಗುವವರೆಗೆ ಹೊಂದಿಸಲಿ.

ಕೂರಿಸುವಾಗ ಅಂಗಡಿಯವರು ತಮ್ಮ ಕಣ್ಣಿಗೆ ಸರಿಮಾಡಿ ಕೊಟ್ಟುಬಿಡುತ್ತಾರೆ. ಒಪ್ಪಬೇಡಿ. ರೈಫಲ್ ಖಾಲಿ ಇದೆಯೆಂದು ಇಬ್ಬರೂ ನೋಡಿ ಖಚಿತ ಮಾಡಿಕೊಂಡು, ಬೋಲ್ಟ್ (ತೋಟಾ ತುಂಬಲು ಹಿಂದೆ ಮುಂದೆ ಎಳೆಯುವ ಸರಳು) ಹೊರತೆಗೆದಿಡಿ. ಬೇಟೆಯ ದಿನ ಹಾಕುವ ದಪ್ಪ ಜಾಕೆಟ್ಟನ್ನೇ ಮಗನಿಗೆ ಹಾಕಿಸಿ, ಏಕೆಂದರೆ ಭುಜಕ್ಕೆ ಒಂದಿಂಚು ದಪ್ಪ ಸೇರಿದರೆ ಕಣ್ಣೂ ಅಷ್ಟೇ ಹಿಂದೆ ಸರಿಯುತ್ತದೆ. ಸ್ಕೋಪನ್ನು ಅತಿ ಹೆಚ್ಚಿನ ಪಟ್ಟಿಗೆ ಏರಿಸಿ. ಅವನು ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೆ ಏರಿಸಲಿ, ಕೆನ್ನೆಯನ್ನು ಸ್ಟಾಕಿನ ಮೇಲೆ ಆರಾಮಾಗಿ ಇಡಲಿ, ಆಮೇಲೆ ಕಣ್ಣು ಬಿಡಲಿ. ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಂಡರೆ ಸರಿ. ತಲೆ ಮುಂದೆ ಹಿಂದೆ ಮಾಡಿದರೆ ಮಾತ್ರ ಕಾಣುತ್ತದೆ ಅಂದರೆ ಸರಿಯಬೇಕಾದ್ದು ಸ್ಕೋಪು, ಹುಡುಗನ ತಲೆಯಲ್ಲ. ಅಲ್ಲಿಗೆ ರಿಂಗಿನ ಸ್ಕ್ರೂ ಬಿಗಿ ಮಾಡಿ. ಹೆಚ್ಚಿನ ರಿಂಗುಗಳಿಗೆ 15ರಿಂದ 18 ಇಂಚ್-ಪೌಂಡ್ (ಟಾರ್ಕ್ ಸ್ಪಾನರ್ ತೋರಿಸುವ ಅಳತೆ) ಬಿಗಿ ಸಾಕು, ನಿಮ್ಮದಕ್ಕೆ ಎಷ್ಟೆಂದು ಅದರ ಜೊತೆ ಬಂದ ಚೀಟಿಯಲ್ಲಿರುತ್ತದೆ. ಕೈಬಲದ ಮೇಲೆ ತಿರುಗಿಸಿದರೆ ಸ್ಕೋಪಿನ ಕೊಳವೆಯೇ ಜಜ್ಜಿಹೋಗುತ್ತದೆ.

ಗುರಿ ಹೊಂದಿಸುವುದನ್ನು ನೇರ 100 ಗಜದಲ್ಲಿ ಶುರು ಮಾಡಿದವರು ತೋಟಾ ಸುಟ್ಟು ಸುಮ್ಮನಾಗುತ್ತಾರೆ. .243ರ 20 ತೋಟಾದ ಪೆಟ್ಟಿಗೆ 30 ಡಾಲರ್ ದಾಟುತ್ತದೆ, ಹಾಗಾಗಿ 25 ಗಜದಿಂದ ಹೊರಡಿ. ಬೋಲ್ಟ್ ತೆಗೆದು, ಮರಳಚೀಲದ ಮೇಲೆ ರೈಫಲ್ ಇಟ್ಟು, ಹಿಂದಿನಿಂದ ಬ್ಯಾರಲ್ ಮೂಲಕ ಗುರಿಹಲಗೆಯ ಮಧ್ಯ ನೋಡಿ. ರೈಫಲ್ ಅಲುಗಿಸದೆ, ಗುಬಟು ತಿರುಗಿಸಿ ಅಡ್ಡಗೆರೆಯನ್ನೂ ಅಲ್ಲಿಗೇ ತನ್ನಿ. ಈಗ ಒಂದು ಗುಂಡು. ಈ ಸ್ಕೋಪುಗಳಲ್ಲಿ ಗುಬಟಿನ ಒಂದು ಕ್ಲಿಕ್ ಅಂದರೆ 100 ಗಜದಲ್ಲಿ ಕಾಲಿಂಚು, 25 ಗಜದಲ್ಲಿ ಅದರ ಕಾಲು ಭಾಗ. ಎರಡಿಂಚು ಸರಿಸಬೇಕಾದರೆ ಇಲ್ಲಿ 32 ಕ್ಲಿಕ್. ನಾಲ್ಕೈದು ತಿರುಗಿಸಿ 'ಕೆಲಸ ಮಾಡ್ತಾ ಇಲ್ಲ' ಅನ್ನುವವರೇ ಹೆಚ್ಚು. 25 ಗಜದಲ್ಲಿ ಗುಂಡು ನಡುವಿಗಿಂತ ಅರ್ಧ-ಮುಕ್ಕಾಲು ಇಂಚು ಕೆಳಗೆ ಬೀಳುವಂತೆ ಮಾಡಿಕೊಂಡರೆ 100 ಗಜದಲ್ಲಿ ಹೆಚ್ಚುಕಡಿಮೆ ನಡುವಿಗೇ ಬರುತ್ತದೆ. ಅಲ್ಲಿ ಮೂರು ಮೂರು ಗುಂಡು ಹೊಡೆದು, ಮೂರರ ನಡುವನ್ನು ನೋಡಿ ತಿದ್ದಿ. ಒಂದೊಂದು ಗುಂಡಿನ ಹಿಂದೆ ಓಡಬೇಡಿ. ಬೇಟೆಗೂ ಅದೇ ಕಂಪನಿಯ, ಅದೇ ತೂಕದ ತೋಟಾ ಒಯ್ಯಿರಿ, ಬೇರೆಯದಾದರೆ ಬೀಳುವ ಜಾಗವೂ ಬೇರೆ. ಇಬ್ಬರ ಕಿವಿಗೂ ರಕ್ಷಣೆ ಇರಲಿ.

100 ಗಜದಲ್ಲಿ, ಬೇಟೆಗೆ ಕೂರುವ ಭಂಗಿಯಲ್ಲೇ ಕೂತು, ಎಂಟಿಂಚಿನ ಕಾಗದದ ತಟ್ಟೆಗೆ ಮಗ ಪ್ರತಿ ಸಲ ಹೊಡೆಯಬಲ್ಲನೇ? ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 50 ಗಜದಲ್ಲಿ ಮಾತ್ರ ಸಾಧ್ಯವೆಂದಾದರೆ ಈ ವರ್ಷ ಅವನ ಮಿತಿ 50 ಗಜ.

ಉಳಿಸಿದ ದುಡ್ಡಿನಲ್ಲಿ ಒಂದು ಸಾಧಾರಣ 8×42 ಬೈನಾಕ್ಯುಲರ್ ತೆಗೆದು ಮಗನ ಕುತ್ತಿಗೆಗೆ ಹಾಕಿ. ಇದಕ್ಕೆ ಕಾರಣವಿದೆ. ಪೊದೆಯಲ್ಲಿ ಏನೋ ಅಲುಗಿತು ಅಂದಾಗ ಹುಡುಗರು ಸ್ಕೋಪ್ ಎತ್ತಿ ನೋಡುತ್ತಾರೆ. ಸ್ಕೋಪ್ ಎಲ್ಲಿ ನೋಡುತ್ತದೋ ತುಂಬಿದ ಬಂದೂಕಿನ ಬಾಯಿಯೂ ಅಲ್ಲೇ. ಅಲುಗಿದ್ದು ಇನ್ನೊಬ್ಬ ಬೇಟೆಗಾರನಾಗಿದ್ದರೆ? ತಲೆ, ಎದೆ, ಬೆನ್ನಿನ ಮೇಲೆ ಒಟ್ಟು 250 ಚದರ ಇಂಚು ಕಿತ್ತಳೆ ಬಣ್ಣ ತೊಡಬೇಕೆಂದು ನಿಮ್ಮ ರಾಜ್ಯದ ಕಾನೂನು ಹೇಳುವುದೂ ಇದೇ ಕಾರಣಕ್ಕೆ. ಮೊದಲು ಬೈನಾಕ್ಯುಲರ್‌ನಲ್ಲಿ ನೋಡಿ 'ಜಿಂಕೆ' ಅಂತ ನಿಮ್ಮ ಕಿವಿಯಲ್ಲಿ ಹೇಳಿದ ಮೇಲೆಯೇ ರೈಫಲ್ ಭುಜಕ್ಕೆ ಏರಲಿ. ಸ್ಕೋಪು ಆಗ 3ರಲ್ಲೇ ಇರಲಿ. ಏರಿಸಲು ಪುರುಸೊತ್ತು ಸಿಗುತ್ತದೆ, ಇಳಿಸಲು ಸಿಗುವುದಿಲ್ಲ.

ಪ್ರಶ್ನೆ: ನಾವು ಎಚ್-1ಬಿ ವೀಸಾದಲ್ಲಿ ಒಹಾಯೋದಲ್ಲಿದ್ದೇವೆ. ಮಗಳ ಗೆಳತಿಯ ತಂದೆ ಸ್ಕೋಪ್ ಸಮೇತ ಒಂದು ಹಳೆಯ .22 ರೈಫಲನ್ನು 'ನಿಮ್ಮ ಮನೆಯಲ್ಲೇ ಇಟ್ಟುಕೊಂಡು ಅಭ್ಯಾಸ ಮಾಡಿ' ಅಂದಿದ್ದಾರೆ. ಇಟ್ಟುಕೊಳ್ಳಬಹುದೇ?

ಉತ್ತರ: ಈಗಲೇ ಬೇಡ. ಎಚ್-1ಬಿ, ಎಚ್-4ನಂಥ ವಲಸೆಯೇತರ ವೀಸಾದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಲೈಸೆನ್ಸ್ ಮುಗಿದರೆ ವಿನಾಯಿತಿಯೂ ಮುಗಿಯಿತು, ಆಗ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವ .22 ಕೂಡ ಅಪರಾಧ. ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಇದರ ಪೆಟ್ಟು ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ರೈಫಲ್ ಅವರ ಮನೆಯಲ್ಲೇ ಇರಲಿ, ವಲಸೆ ವಕೀಲರನ್ನು ಕೇಳಿ ಮುಂದುವರಿಯಿರಿ. ಬರಿಯ ಸ್ಕೋಪ್ ಬಂದೂಕಲ್ಲ, ಅದನ್ನು ಕೊಳ್ಳಲು ಈ ತಡೆ ಇಲ್ಲ.

ಪ್ರಶ್ನೆ: ಹಾಸನದಲ್ಲಿರುವ ಅಕ್ಕನ ಮಗನಿಗೆ ಏರ್ ರೈಫಲ್ ಕೊಡಿಸಿದ್ದಾರೆ. ರಜೆಗೆ ಹೋಗುವಾಗ ಅಮೆರಿಕದಿಂದ ಒಂದು ಒಳ್ಳೆಯ ಸ್ಕೋಪ್ ಒಯ್ದುಕೊಡಲೇ?

ಉತ್ತರ: ರೈಫಲ್ ಸ್ಕೋಪುಗಳು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ, ಸೂಟ್‌ಕೇಸಿಗೆ ಹಾಕಿಕೊಂಡು ಹೊರಡುವ ಸಾಮಾನಲ್ಲ. ಒಯ್ದರೂ ಉಪಯೋಗ ಕಡಿಮೆ. ಸ್ಪ್ರಿಂಗ್ ಏರ್ ರೈಫಲ್ ಮೊದಲು ಹಿಂದಕ್ಕೆ, ಮರುಕ್ಷಣವೇ ಮುಂದಕ್ಕೆ ಒದೆಯುತ್ತದೆ. ಒಂದೇ ದಿಕ್ಕಿನ ಒದೆ ತಡೆಯಲು ಮಾಡಿದ ದುಬಾರಿ ಸ್ಕೋಪಿನ ಅಡ್ಡಗೆರೆಯೂ ಇದರಲ್ಲಿ ಕಳಚಿಬಿಡಬಹುದು. ಹುಡುಗನಿಗೆ ಬೇಕಾದ್ದು ಏರ್ ರೈಫಲ್‌ಗೆಂದೇ ಮಾಡಿದ, 10 ಗಜಕ್ಕೂ ಫೋಕಸ್ ಆಗುವ ಸ್ಕೋಪು, ಅದು ಭಾರತದಲ್ಲೇ ಸಿಗುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಕನಸಿದ್ದರೆ ಅದೂ ಬೇಡ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅಲ್ಲಿ ಸ್ಕೋಪ್ ಹಾಕುವಂತಿಲ್ಲ, ಸಣ್ಣ ರಂಧ್ರದ ಪೀಪ್ ಸೈಟಿನಲ್ಲೇ ಕಲಿಯಬೇಕು. ತೋಟದ ಹಕ್ಕಿಗಳ ಮೇಲೆ ಕಣ್ಣು ಹಾಕದಂತೆ ಅಕ್ಕನಿಗೂ ಒಂದು ಮಾತು ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಏರ್ ಗನ್ನೂ ಒಂದೇ, ಕೋವಿಯೂ ಒಂದೇ.