ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ಗೆ ನರ್ಸ್ ಆಗಿ ಹೋಗ್ತಿದ್ದೇನೆ, ದೇವರನ್ನು ನಂಬಲ್ಲ. ಅಲ್ಲಿನ ಮೂಲನಿವಾಸಿಗಳಲ್ಲಿ ಯಾರು ಹಳೆಯ ನಂಬಿಕೆಯವರು, ಯಾರು ಕ್ರೈಸ್ತರು, ಯಾರು ನಾಸ್ತಿಕರು ಅಂತ ತಿಳಿಯುವುದು ಹೇಗೆ?

ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಅದೇ ಊರಿಗೆ ಹೋದವಳು. ನಾನೂ ದೇವರನ್ನು ನಂಬುವವಳಲ್ಲ. ದಾವಣಗೆರೆಯಲ್ಲಿ ನರ್ಸಿಂಗ್ ಓದಿ, ಅಡಿಲೇಡ್‌ನಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಆಲಿಸ್ ಸ್ಪ್ರಿಂಗ್ಸ್‌ನ ಒಂದು ಡಯಾಲಿಸಿಸ್ ಕೇಂದ್ರ ಸೇರಿದೆ. ಕಿಡ್ನಿ ಕೆಟ್ಟವರ ರಕ್ತವನ್ನು ಮಷಿನ್ ಹಾಕಿ ಶುದ್ಧ ಮಾಡುವ ಜಾಗ ಅದು. ಅಲ್ಲಿ ಬರುವವರಲ್ಲಿ ಹೆಚ್ಚಿನವರು ಮೂಲನಿವಾಸಿಗಳು. ಎಷ್ಟೋ ಜನ ನೂರಾರು ಕಿಲೋಮೀಟರ್ ದೂರದ ಮರುಭೂಮಿಯ ಊರು ಬಿಟ್ಟು, ವಾರಕ್ಕೆ ಮೂರು ಸಲ ಮಷಿನ್ ಹಾಕಿಸಿಕೊಳ್ಳಲೆಂದೇ ಪೇಟೆಯಲ್ಲಿ ಬಂದು ಇದ್ದವರು.

ಅವರಲ್ಲಿ ಒಬ್ಬ ಅಜ್ಜಿ ನನಗೆ ಬಹಳ ಹತ್ತಿರವಾದರು. ಕೊರಳಲ್ಲಿ ಶಿಲುಬೆ. ಮಷಿನ್ ಓಡುವಾಗ ಕಣ್ಣು ಮುಚ್ಚಿ ತಮ್ಮ ಭಾಷೆಯಲ್ಲೇ ಚರ್ಚಿನ ಹಾಡು ಗುನುಗುತ್ತಿದ್ದರು. ಕಂಪ್ಯೂಟರ್‌ನಲ್ಲಿ ಧರ್ಮದ ಕಾಲಂ ಖಾಲಿ ಇತ್ತು, ಒಂದನ್ನೇ ಆರಿಸಬೇಕಿತ್ತು. ಅವರನ್ನು ಕೇಳದೆ ನಾನೇ ‘ಕ್ರೈಸ್ತ’ ಅಂತ ಹಾಕಿದೆ.

ಒಂದು ದಿನ ಅವರು, "ತಮ್ಮ ತೀರಿಕೊಂಡ, ಊರಿಗೆ ಹೋಗಬೇಕು" ಅಂದರು. ಕುಟುಂಬದ ಪಟ್ಟಿ ತೆಗೆದು ನೋಡಿದೆ. ಆ ಹೆಸರಿನ ಮುಂದೆ ‘ಕಸಿನ್’ ಅಂತಿತ್ತು. ಸ್ವಂತ ತಮ್ಮ ಅಲ್ಲ, ಇವರು ಕ್ರೈಸ್ತರು ಬೇರೆ, ಇಲ್ಲೇ ಪ್ರಾರ್ಥನೆ ಮಾಡಿಸಿದರೆ ಸಾಕು ಅಂದುಕೊಂಡೆ. ಪಾದ್ರಿಯೊಬ್ಬರಿಗೆ ಫೋನ್ ಮಾಡಿ ಬರಲು ಹೇಳಿದೆ. ಅಜ್ಜಿ ಏನೂ ಅನ್ನಲಿಲ್ಲ. ಒಪ್ಪಿದರು ಅಂತ ತಿಳಿದೆ.

ನಾನು ಮಾಡಬೇಕಿದ್ದ ಕೆಲಸ ಬೇರೆಯೇ ಇತ್ತು. ಡಯಾಲಿಸಿಸ್ ರೋಗಿ ಊರಿಗೆ ಹೊರಟರೆ ಅಲ್ಲಿ ಅಥವಾ ಹತ್ತಿರದ ಊರಲ್ಲಿ ಮಷಿನ್ ಖಾಲಿ ಇದೆಯಾ ಕೇಳಬೇಕು. ಸಂಚಾರಿ ಡಯಾಲಿಸಿಸ್ ಲಾರಿ ಆ ಕಡೆ ಹೋಗುತ್ತಾ ನೋಡಬೇಕು. ರಕ್ತದ ರಿಪೋರ್ಟ್ ಕಳಿಸಬೇಕು. ಹೊರಡುವ ಮೊದಲು ಒಂದು ಹೆಚ್ಚುವರಿ ಡಯಾಲಿಸಿಸ್ ಮಾಡಬೇಕು. ಎಷ್ಟು ನೀರು ಕುಡಿಯಬಹುದು, ಯಾವ ಹಣ್ಣು ಬೇಡ ಅಂತ ಮನೆಯವರಿಗೂ ಹೇಳಬೇಕು. ಒಂದು ಅರ್ಧ ದಿನದ ಫೋನ್ ಕೆಲಸ ಅಷ್ಟೆ. ಆ ಕಾಲಂನಲ್ಲಿ ನಾನೇ ಬರೆದದ್ದನ್ನು ನಾನೇ ನಂಬಿ ಇದ್ಯಾವುದನ್ನೂ ಮಾಡಲಿಲ್ಲ.

ಮುಂದಿನ ಸರದಿಗೆ ಅವರ ಕುರ್ಚಿ ಖಾಲಿ. ನೆಂಟರ ಕಾರಿನಲ್ಲಿ ಹೋಗಿಬಿಟ್ಟಿದ್ದರು. ವಾಪಸ್ ಬಂದದ್ದು ದೂರದ ಊರುಗಳ ರೋಗಿಗಳನ್ನು ಕರೆತರುವ ಫ್ಲೈಯಿಂಗ್ ಡಾಕ್ಟರ್ ವಿಮಾನದಲ್ಲಿ. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಪೊಟ್ಯಾಸಿಯಂ ಏರಿತ್ತು, ಮಲಗಲು ಆಗದೆ ಮುಂದಕ್ಕೆ ಬಾಗಿ ಕೂತು ಉಸಿರು ಎಳೆಯುತ್ತಿದ್ದರು. ಉಳಿದರು. ಆದರೆ ಆಮೇಲೆ ನನ್ನ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳಲಿಲ್ಲ. ಅವರ ಅಕ್ಕತಂಗಿಯರೂ, ಮಕ್ಕಳ ಸಮಾನದವರೂ ಒಬ್ಬೊಬ್ಬರಾಗಿ ಬೇರೆ ನರ್ಸ್ ಬೇಕು ಅಂದರು. ಕೊನೆಗೆ ನಾನೇ ಬೇರೆ ವಿಭಾಗಕ್ಕೆ ಹೋದೆ. ಆ ಕೆಲಸವನ್ನು ನಾನು ಪ್ರೀತಿಸುತ್ತಿದ್ದೆ.

ಯಾಕೆ ಹೀಗಾಯ್ತು ಅಂತ ವಿವರವಾಗಿ ಹೇಳ್ತೀನಿ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ದೇವರನ್ನು ನಂಬದ ನಾನು ಧರ್ಮ ಅಂದರೆ ತಲೆಯೊಳಗಿನ ಒಂದು ಅಭಿಪ್ರಾಯ ಅಂದುಕೊಂಡಿದ್ದೆ. ಒಂದನ್ನು ಹಿಡಿದವರು ಇನ್ನೊಂದನ್ನು ಬಿಟ್ಟಿರುತ್ತಾರೆ ಅಂತ. ದರ್ಗಾಕ್ಕೆ ಹರಕೆ ಹೊತ್ತು ಮಾರಮ್ಮನಿಗೂ ಉಡಿ ತುಂಬುವ ಜನರ ನಡುವೆಯೇ ಬೆಳೆದವಳಿಗೆ ಇದು ಹೊಳೆಯಲಿಲ್ಲ. ಇನ್ನೊಂದೂ ಹೊಳೆಯಲಿಲ್ಲ. ಸತ್ತವರು ಅಜ್ಜಿಯ ಚಿಕ್ಕಪ್ಪನ ಮಗ. ನಮ್ಮಲ್ಲೂ ಚಿಕ್ಕಪ್ಪನ ಮಗ ತಮ್ಮನೇ ಅಲ್ವಾ? ಅಪ್ಪನ ಅಣ್ಣತಮ್ಮಂದಿರನ್ನು ಅಪ್ಪನ ಸಾಲಿಗೆ, ಅಮ್ಮನ ಅಕ್ಕತಂಗಿಯರನ್ನು ಅಮ್ಮನ ಸಾಲಿಗೆ ಸೇರಿಸುವ ಪದ್ಧತಿ ಅವರಲ್ಲೂ ಇದೆ. ಕನ್ನಡದ ಮನೆಯಲ್ಲಿ ಹುಟ್ಟಿದ ನಾನು ಇಂಗ್ಲಿಷಿನ ‘ಕಸಿನ್’ ಅನ್ನು ನಂಬಿದೆ.

ಆಮೇಲೆ ಆಸ್ಪತ್ರೆಯ ಮೂಲನಿವಾಸಿ ಲಿಯೇಸನ್ ಆಫೀಸರ್, ಅಂದರೆ ಮೂಲನಿವಾಸಿ ರೋಗಿಗಳಿಗೂ ಆಸ್ಪತ್ರೆಗೂ ನಡುವೆ ಕೊಂಡಿಯಾಗಿರುವವರು, ನನ್ನನ್ನು ಕೂರಿಸಿಕೊಂಡು ಹೇಳಿದರು. ಸಾವಿನ ಕಾರ್ಯಕ್ಕೆ ಅಲ್ಲಿ ‘ಸಾರಿ ಬಿಸಿನೆಸ್’ ಅಂತಾರೆ. ಯಾರು ಎಲ್ಲಿ ಕೂರಬೇಕು, ಯಾರು ಯಾವ ಕೆಲಸ ಮಾಡಬೇಕು ಅನ್ನುವುದೆಲ್ಲ ಸಂಬಂಧದ ಮೇಲೆ ನಿಂತಿದೆ. ಬರದಿದ್ದವರ ಮೇಲೆ ಸಿಟ್ಟು ಬರುತ್ತದೆ, ಅನುಮಾನವೂ ಬರುತ್ತದೆ. ಅಜ್ಜಿ ಏನನ್ನು ನಂಬುತ್ತಾರೆ ಅನ್ನುವ ಮಾತೇ ಅಲ್ಲಿ ಬರಲ್ಲ. ಅವರು ಅಲ್ಲಿ ಇರಲೇಬೇಕು, ಅಷ್ಟೆ.

ಹಾಗಾಗಿ ‘ಯಾರು ಯಾವುದಕ್ಕೆ ಸೇರಿದವರು’ ಅನ್ನುವ ನಿಮ್ಮ ಪ್ರಶ್ನೆಯನ್ನು ಬಿಟ್ಟುಬಿಡಿ. 2016ರ ಜನಗಣತಿಯಲ್ಲಿ ಸಾಂಪ್ರದಾಯಿಕ ನಂಬಿಕೆ ಅಂತ ಬರೆಸಿದ ಮೂಲನಿವಾಸಿಗಳು ಶೇ. 2ಕ್ಕಿಂತ ಕಡಿಮೆ. ಇದನ್ನು ಓದಿ ಹಳೆಯದೆಲ್ಲ ಮುಗಿಯಿತು ಅಂದುಕೊಳ್ಳಬೇಡಿ. 2021ರಲ್ಲಿ ಇಡೀ ಆಸ್ಟ್ರೇಲಿಯಾದಲ್ಲಿ ಶೇ. 38.9 ಜನ ‘ಧರ್ಮ ಇಲ್ಲ’ ಅಂದರು. ಸಿಡ್ನಿಯ ಒಬ್ಬ ಬಿಳಿಯ ಎಂಜಿನಿಯರ್ ಹಾಗೆ ಬರೆಸುವುದಕ್ಕೂ, ಚರ್ಚಿನವರ ಮಿಷನ್ ಹಾಸ್ಟೆಲಿನಲ್ಲಿ ತಾಯಿಯಿಂದ ದೂರ ಬೆಳೆದ ಮೂಲನಿವಾಸಿ ಹೆಂಗಸು ಹಾಗೆ ಬರೆಸುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೂಲನಿವಾಸಿ ಮಕ್ಕಳನ್ನು ಸರ್ಕಾರ ಹಾಗೆ ಕಿತ್ತುಕೊಂಡು ಹೋದದ್ದಕ್ಕೆ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಚರ್ಚಿನ ಮೇಲೆ ಆಕೆಗೆ ಸಿಟ್ಟಿರಬಹುದು. ಅಜ್ಜನ ನೆಲದ ಮೇಲಿನ ಹೊಣೆ ಹಾಗೇ ಇರುತ್ತದೆ.

ಇನ್ನೊಂದು ಕಡೆ, ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಹರ್ಮನ್ಸ್‌ಬರ್ಗ್ ಇದೆ. 1877ರಲ್ಲಿ ಲೂಥರನ್ ಮಿಷನರಿಗಳು ಕಟ್ಟಿದ ಊರು. ಅಲ್ಲಿನ ಹೆಂಗಸರು ಇವತ್ತಿಗೂ ಜರ್ಮನಿಯಿಂದ ಬಂದ ಸ್ತೋತ್ರಗಳನ್ನು ತಮ್ಮ ಭಾಷೆಯಲ್ಲಿ ಹಾಡುತ್ತಾರೆ. 1986ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆಲಿಸ್ ಸ್ಪ್ರಿಂಗ್ಸ್‌ಗೆ ಬಂದಾಗ, ನೀವು ಎರಡು ತುಂಡಾಗಿ ಬದುಕಬೇಕಿಲ್ಲ ಅಂತ ಮೂಲನಿವಾಸಿಗಳಿಗೆ ಹೇಳಿದ್ದರು. ಆ ಅಜ್ಜಿ ತುಂಡಾಗದೆಯೇ ಬದುಕಿದ್ದರು. ತುಂಡು ಮಾಡಿದ್ದು ನನ್ನ ಕಾಲಂ.

ನೆಲ ಅವರಿಗೆ ಏನು ಅಂತ ಗೊತ್ತಾಗಬೇಕಾದರೆ ಮೂಲನಿವಾಸಿಗಳೇ ಕಟ್ಟಿದ ಡಯಾಲಿಸಿಸ್ ಸಂಸ್ಥೆ ಪರ್ಪಲ್ ಹೌಸ್‌ನ ಕಥೆ ಕೇಳಿ. ಡಯಾಲಿಸಿಸ್‌ಗಾಗಿ ಪೇಟೆಯಲ್ಲಿ ಸಿಕ್ಕಿಹಾಕಿಕೊಂಡು, ಊರು ಕಾಣದೆ ಸಾಯುವುದು ಬೇಡ ಅಂತ ಮರುಭೂಮಿಯ ಊರುಗಳಾದ ಕಿಂಟೋರ್ ಮತ್ತು ಕಿವಿರ್ಕುರಾದ ಹಿರಿಯರು ಚಿತ್ರ ಬರೆದರು. 2000ದಲ್ಲಿ ಸಿಡ್ನಿಯಲ್ಲಿ ಅವು ಹರಾಜಾದವು. ಹತ್ತು ಲಕ್ಷ ಡಾಲರ್‌ಗಿಂತ ಜಾಸ್ತಿ ಹಣ ಬಂತು. ಅದರಿಂದ ಮಷಿನ್‌ಗಳು ಮರುಭೂಮಿಯ ಊರುಗಳಿಗೇ ಹೋದವು. ಆ ಚಿತ್ರಗಳಲ್ಲಿ ಇದ್ದದ್ದು ಅವರ ನೆಲದ ಪುರಾತನರ ಕಥೆಗಳು. ಇದನ್ನು ಧರ್ಮ ಅಂತೀರೋ, ಆರೋಗ್ಯ ಅಂತೀರೋ, ರಾಜಕೀಯ ಅಂತೀರೋ? ಅವರು ಬೇರೆ ಬೇರೆ ಮಾಡಲ್ಲ, ನೀವೂ ಮಾಡಬೇಡಿ.

ನಮ್ಮವರು ಇನ್ನೊಂದು ಮಾತು ಹೇಳ್ತಾರೆ, ‘ಇದು ನಮ್ಮ ಭೂತಾರಾಧನೆ ಥರಾನೇ’ ಅಂತ. ದಯವಿಟ್ಟು ಬೇಡ. ಆಲಿಸ್ ಸ್ಪ್ರಿಂಗ್ಸ್ ಅರೆಂಟೆ ಜನರ ನೆಲ. ಊರಿನ ಸುತ್ತ ಕಾಣುವ ಗುಡ್ಡಗಳನ್ನು ಮಾಡಿದ್ದು ಕಂಬಳಿಹುಳುಗಳ ರೂಪದ ಪುರಾತನರು ಅಂತ ಅವರು ಹೇಳುತ್ತಾರೆ. ಆ ಕಥೆ ಹೇಳುವ ಹಕ್ಕು ಯಾರಿಗೆ ಅನ್ನುವುದಕ್ಕೂ ಕಟ್ಟು ಇದೆ. ಸುಮ್ನೆ ಕೇಳಿಸಿಕೊಳ್ಳಿ, ಹೋಲಿಸಬೇಡಿ.

ಹೋದ ಮೊದಲ ವಾರವೇ ಲಿಯೇಸನ್ ಆಫೀಸರ್ ನಂಬರ್ ತೆಗೆದುಕೊಳ್ಳಿ. ‘ನಿಮ್ಮ ಧರ್ಮ ಯಾವುದು’ ಅಂತ ಕೇಳುವ ಬದಲು ‘ಯಾವೂರು, ನಿಮ್ಮವರು ಯಾರು’ ಅಂತ ಕೇಳಿ. ಸತ್ತವರ ಹೆಸರು ಹೇಳಬೇಡಿ. ಅದೇ ಹೆಸರಿನ ಬೇರೆಯವರನ್ನೂ ಸ್ವಲ್ಪ ಕಾಲ ‘ಕುಮಂಜಾಯಿ’ ಅಂತ ಕರೆಯುತ್ತಾರೆ, ನೀವೂ ಹಾಗೇ ಕರೆಯಿರಿ. ರೋಗಿ ಸುಮ್ಮನಿದ್ದರೆ ಒಪ್ಪಿದರು ಅಂತ ಬರೆಯಬೇಡಿ. ನೀವು ನಾಸ್ತಿಕರಾ ಅಂತ ಅಲ್ಲಿ ನನ್ನನ್ನು ಯಾರೂ ಕೇಳಲಿಲ್ಲ, ನಿಮ್ಮನ್ನೂ ಬಹುಶಃ ಕೇಳಲ್ಲ. ನಿಮ್ಮ ತಾಯಿ ಎಲ್ಲಿದ್ದಾರೆ, ನೀವು ಇಲ್ಲಿರುವಾಗ ಅವರನ್ನು ಯಾರು ನೋಡಿಕೊಳ್ತಾರೆ ಅಂತ ಕೇಳ್ತಾರೆ. ಅದಕ್ಕೆ ನೇರವಾಗಿ ಉತ್ತರ ಕೊಡಿ.