12 ವರ್ಷದ ಮಗಳು, ಪಾಯಿಂಟ್ ಶೂ ಮತ್ತು ಹಿಂದಿನ ಸಾಲಿನ ಲೆಕ್ಕ

ಮೂರು ವರ್ಷದಿಂದ ಬ್ಯಾಲೆ ಕಲಿಯುತ್ತಿರುವ 12 ವರ್ಷದ ಮಗಳು ಅದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳೆ, ಬೆರಳ ತುದಿಯ ಮೇಲೆ ನಿಂತು ಕುಣಿಯಲು ತೊಡುವ ಪಾಯಿಂಟ್ ಶೂ ಈಗಲೇ ಕೊಡಿಸಬಹುದೇ, ಮುಂದೆ ಬದುಕು ಹೇಗಿರುತ್ತದೆ ಎಂದು ಕೇಳಿದ್ದೀರಿ. ಒಬ್ಬರು ‘ತಡವಾಯಿತು’ ಎಂದರು, ಇನ್ನೊಬ್ಬರು ‘ಕನಸಿಗೆ ಅಡ್ಡ ಬರಬೇಡಿ’ ಎಂದರು. ಎರಡರಿಂದಲೂ ನಿಮಗೆ ಉಪಯೋಗವಿಲ್ಲ. ನಾನು ಹನ್ನೊಂದು ವರ್ಷ ಒಂದು ಬ್ಯಾಲೆ ಕಂಪನಿಯಲ್ಲಿ ಸಮೂಹ ನರ್ತಕಿಯಾಗಿದ್ದವಳು, ಅಂದರೆ ಹಿಂದಿನ ಸಾಲಿನವಳು. ತಾರೆಯರ ಕಥೆ ಎಲ್ಲೆಡೆ ಸಿಗುತ್ತದೆ. ವೃತ್ತಿಗೆ ಬಂದವರಲ್ಲಿ ಹೆಚ್ಚಿನವರ ಪಾಲಿಗೆ ಬರುವುದು ಈ ಸಾಲು.

ಮೊದಲು ಶೂ. 11–12ರ ಹೊತ್ತಿಗೆ ಶುರು ಮಾಡಿಸುವುದು ರೂಢಿ, ಆದರೆ ವಯಸ್ಸೊಂದೇ ಸಾಲದು. ಪಾದದ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ಬರಿಗಾಲಿನಲ್ಲಿ, ಒಂದೇ ಕಾಲಿನ ಮೇಲೆ ನಿಂತು, ಹಿಮ್ಮಡಿಯನ್ನು ಇಪ್ಪತ್ತು ಸಲ ನಿಧಾನವಾಗಿ ಎತ್ತಿ ಇಳಿಸಲಿ. ನಡುವೆಯೇ ಕಣಕಾಲು ವಾಲಿದರೆ ಕಾಯಬೇಕು. ವಾಲದಿದ್ದರೂ ಕೊನೆಯ ಮಾತು ಗುರುಗಳದು, ಅಂಗಡಿಯವರದಲ್ಲ. ಮೊದಲ ಜೋಡಿಯನ್ನು ಆನ್‌ಲೈನ್‌ನಲ್ಲಿ ತರಿಸಲೇಬೇಡಿ.

ಸಾಂಪ್ರದಾಯಿಕ ಪಾಯಿಂಟ್ ಶೂವಿನ ತುದಿಯಲ್ಲಿ ಮರದ ತುಂಡು ಇದೆ ಎಂದೇ ಅನೇಕರು ತಿಳಿದಿದ್ದಾರೆ. ಇಲ್ಲ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಒಣಗಿ ಗಟ್ಟಿಯಾದದ್ದು ಅದು. ಹೊಸ ಜೋಡಿ ಕೈಗೆ ಬಂದರೆ ನಾನು ಅಟ್ಟೆಯನ್ನು ಬಗ್ಗಿಸಿ ಪಳಗಿಸುತ್ತಿದ್ದೆ, ವೇದಿಕೆಯ ಮೇಲೆ ಟಕಟಕ ಸದ್ದಾಗದಿರಲೆಂದು ಕಲ್ಲುಮೆಟ್ಟಿಲಿಗೆ ಬಡಿಯುತ್ತಿದ್ದೆ, ಜಾರದಿರಲೆಂದು ತುದಿಯ ಸ್ಯಾಟಿನ್ ಕತ್ತರಿಸಿ ಸುತ್ತ ದಪ್ಪ ದಾರ ಹೊಲಿಯುತ್ತಿದ್ದೆ. ಇಷ್ಟೆಲ್ಲ ಮಾಡಿದ ಮೇಲೆ ಬೆವರಿಗೆ ಅಂಟು ಮೆತ್ತಗಾಗುತ್ತದೆ! ಮುಖ್ಯ ಪಾತ್ರದವರಿಗೆ ಒಂದು ಜೋಡಿ ಒಂದು ರಾತ್ರಿಗೂ ಬಾರದಿರಬಹುದು. ದೊಡ್ಡ ಕಂಪನಿಗಳು ಶೂ ಕೊಡುತ್ತವೆ. ಅಂಥದ್ದೊಂದನ್ನು ಸೇರುವವರೆಗೆ ಖರ್ಚು ಮನೆಯವರದು.

ತಡವಾಯಿತೇ? ರಷ್ಯಾದ ವಾಗನೋವಾ ಬ್ಯಾಲೆ ಅಕಾಡೆಮಿಗೆ ಮಕ್ಕಳು ಸೇರುವುದು 10ರ ಆಸುಪಾಸಿನಲ್ಲಿ. 13ಕ್ಕೆ ಕಲಿಯಲು ಆರಂಭಿಸಿದ ಮಿಸ್ಟಿ ಕೋಪ್‌ಲ್ಯಾಂಡ್ 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಪ್ರಿನ್ಸಿಪಲ್, ಅಂದರೆ ಅಗ್ರ ಶ್ರೇಣಿಯ ನರ್ತಕಿ, ಆದರು. ಅವರ ಹೆಸರು ಹೇಳಿ ಧೈರ್ಯ ತುಂಬುವವರಿದ್ದಾರೆ. ಅಪವಾದವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. 17–18ಕ್ಕೆ ಆಡಿಷನ್‌ಗಳು ಎದುರಾಗುತ್ತವೆ. ಉಳಿದಿರುವುದು ಐದಾರು ವರ್ಷ, ವಾರಕ್ಕೆ ಎರಡು ತರಗತಿಯಿಂದ ಆಗದು.

ಇನ್ನು ಬದುಕು. ಬೆಳಿಗ್ಗೆ ಕಂಬಿ ಹಿಡಿದು ಮೊಣಕಾಲು ಬಗ್ಗಿಸುವ ಪ್ಲಿಯೆಯಿಂದ ಶುರು, ಒಂದೂವರೆ ಗಂಟೆಯ ತರಗತಿ. ಎಷ್ಟೇ ದೊಡ್ಡ ತಾರೆಯಾದರೂ ಇದು ತಪ್ಪದು. ಆಮೇಲೆ ಸಂಜೆಯವರೆಗೆ ತಾಲೀಮು, ರಾತ್ರಿ ಪ್ರದರ್ಶನ. ‘ಸ್ವಾನ್ ಲೇಕ್’ನಲ್ಲಿ ಹಂಸರಾಣಿ ಒಡೆಟ್ ಮತ್ತು ರಾಜಕುಮಾರನ ನಿಧಾನ ಜೋಡಿನೃತ್ಯ ನಡೆಯುವಾಗ ಇಕ್ಕೆಲಗಳಲ್ಲಿ ಸಾಲಾಗಿ ನಿಂತ ಹಂಸಗಳನ್ನು, ಅಂದರೆ ನಮ್ಮನ್ನು, ಯಾರೂ ನೋಡುವುದಿಲ್ಲ. ಒಂದು ಕಾಲು ಹಿಂದೆ ಚಾಚಿ, ಕತ್ತು ಓರೆ ಮಾಡಿ, ಅಲುಗಾಡದೆ ನಿಲ್ಲಬೇಕು. ಭಾರವೆಲ್ಲ ಒಂದೇ ಕಾಲಿನ ಮೇಲೆ, ಮೀನಖಂಡ ಕಲ್ಲಾಗುತ್ತದೆ. ಶೂವಿನೊಳಗೇ ಬೆರಳು ಮಡಿಸಿ ಬಿಡಿಸುತ್ತ ನಿಂತಿರುತ್ತಿದ್ದೆ, ಮುಖ ಮಾತ್ರ ಹಂಸದ್ದು. ಕುಣಿಯುವುದಕ್ಕಿಂತ ಅದೇ ಕಷ್ಟ.

ಒಂದು ಮಾತು ಒತ್ತಿ ಹೇಳುತ್ತೇನೆ. ತೆಳ್ಳಗಾಗಬೇಕೆಂದು ಅವಳು ಊಟ ಬಿಡತೊಡಗಿದರೆ, ಮುಟ್ಟು ನಿಂತರೆ ಅಥವಾ ಬರಬೇಕಾದ ವಯಸ್ಸಿಗೆ ಬಾರದಿದ್ದರೆ, ‘ನರ್ತಕಿಯರಿಗೆ ಇದೆಲ್ಲ ಸಹಜ’ ಎನ್ನುವವರನ್ನು ನಂಬದೆ ವೈದ್ಯರಿಗೆ ತೋರಿಸಿ. ದುಡಿಮೆಗೆ ತಕ್ಕ ಆಹಾರವಿಲ್ಲದ ದೇಹದಲ್ಲಿ ಮೂಳೆ ಸೊರಗಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಪ್ರದರ್ಶನಗಳ ಒಂದಿಡೀ ಋತುವನ್ನು ಹೀಗೆ ಕಳೆದುಕೊಂಡಳು.

ಪ್ಯಾರಿಸ್ ಒಪೆರಾ ಬ್ಯಾಲೆಯಲ್ಲಿ ನಿವೃತ್ತಿಯ ವಯಸ್ಸು 42. ಬೇರೆ ಕಡೆ ಬಹಳಷ್ಟು ಜನ 35ರ ಸುತ್ತಮುತ್ತಲೇ ನಿಲ್ಲಿಸುತ್ತಾರೆ. ನನ್ನ ಕಣಕಾಲು 30ಕ್ಕೇ ಸಾಕೆಂದಿತು. ಪ್ರವಾಸದ ಬಸ್ಸಿನಲ್ಲಿ ಕುಳಿತು ಅಂಚೆ ಶಿಕ್ಷಣದಲ್ಲಿ ಒಂದೊಂದೇ ಪತ್ರಿಕೆ ಪಾಸು ಮಾಡಿ ಪಡೆದ ಪದವಿ ಆಗ ಕೈ ಹಿಡಿಯಿತು. ಆದ್ದರಿಂದ ಶಾಲೆ ಬಿಡಿಸಬೇಡಿ, ಎಷ್ಟೇ ಪ್ರತಿಭೆ ಇದ್ದರೂ.

ಒಂದು ದಿನ ಅವಳಿಗೆ ತಿಳಿಯದಂತೆ ತರಗತಿಯ ಬಾಗಿಲಲ್ಲಿ ನಿಂತು ನೋಡಿ. ತಿರುಗುವಾಗ, ಜಿಗಿಯುವಾಗ ಎಲ್ಲ ಮಕ್ಕಳ ಮುಖವೂ ಅರಳುತ್ತದೆ. ಕಂಬಿಯ ಬಳಿ ಒಂದೇ ಚಲನೆಯನ್ನು ನಲವತ್ತನೆಯ ಸಲ ಮಾಡುವಾಗ ಅವಳು ಹೇಗಿರುತ್ತಾಳೆ ನೋಡಿ. ಅದನ್ನೂ ಹಿಮ್ಮಡಿಯ ಎಣಿಕೆಯನ್ನೂ ಇಲ್ಲಿ ಬರೆಯಿರಿ, ಶೂ ವಿಷಯ ಆಮೇಲೆ ಮಾತಾಡೋಣ.