ಅಡಿಲೇಡ್ ಊರನ್ನು ಅಳೆದ ಕರ್ನಲ್ ಲೈಟ್

ಪ್ರಶ್ನೆ: ಮಗಳು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿದ್ದಾಳೆ. ಹೋದ ವರ್ಷ ನಾವಿಬ್ಬರೂ ಹೋಗಿ ಎರಡು ತಿಂಗಳು ಇದ್ದು ಬಂದೆವು. ರಸ್ತೆಗಳೆಲ್ಲ ದಾರ ಹಿಡಿದ ಹಾಗೆ ನೆಟ್ಟಗಿವೆ, ಊರಿನ ಸುತ್ತ ಪಾರ್ಕು. ಒಂದು ದಿಬ್ಬದ ಮೇಲೆ, ಊರಿನ ಕಡೆ ಕೈ ತೋರಿಸುತ್ತಾ ನಿಂತವರ ಪ್ರತಿಮೆ ಇದೆ. ಅವರು ಸರ್ವೇಯರ್ ಅಂತ ಅಳಿಯ ಹೇಳಿದರು. ಸರ್ವೇಯರ್‌ಗೆ ಯಾಕೆ ಪ್ರತಿಮೆ ನಿಲ್ಲಿಸಿದರು?
(ಒಬ್ಬ ಓದುಗರು, ತಿಪಟೂರು)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನಾನೂ ಮೋಜಣಿ ಕೆಲಸದಲ್ಲೇ ವಯಸ್ಸು ಕಳೆದವನು, ಆ ಪ್ರತಿಮೆಯ ಮೇಲೆ ನನಗೆ ವಿಶೇಷ ಗೌರವ.

ಅವರು ಕರ್ನಲ್ ವಿಲಿಯಂ ಲೈಟ್. ಈಗಿನ ಮಲೇಷ್ಯಾದ ಪಿನಾಂಗಿನಲ್ಲಿ ಇಂಗ್ಲಿಷರ ನೆಲೆ ಕಟ್ಟಿದ ಫ್ರಾನ್ಸಿಸ್ ಲೈಟ್ ಅವರ ಮಗ. ದಕ್ಷಿಣ ಆಸ್ಟ್ರೇಲಿಯಾ ವಸಾಹತಿನ ಮೊದಲ ಸರ್ವೇಯರ್ ಜನರಲ್ ಆಗಿ 1836ರ ಆಗಸ್ಟ್‌ನಲ್ಲಿ ಹಡಗಿನಲ್ಲಿ ಬಂದು ಇಳಿದರು. ಅವರ ಕಷ್ಟ ಏನೆಂದರೆ, ಜಮೀನು ಆಗಲೇ ಮಾರಾಟ ಆಗಿಹೋಗಿತ್ತು! 1834ರ ಕಾಯ್ದೆಯ ಪ್ರಕಾರ ವಸಾಹತು ಶುರುವಾಗುವ ಮೊದಲೇ 35,000 ಪೌಂಡಿನ ಜಮೀನು ಮಾರಬೇಕಿತ್ತು. ಹಾಗಾಗಿ ಲಂಡನ್ನಿನಲ್ಲಿ ಕೂತು 437 ಹಕ್ಕುಪತ್ರ ಮಾರಿದರು. ಒಂದೊಂದು ಪತ್ರಕ್ಕೆ ಊರಿನೊಳಗೆ ಒಂದು ಎಕರೆ, ಹೊರಗೆ ಹೊಲ. ಯಾವ ಎಕರೆ, ಎಲ್ಲಿಯ ಹೊಲ, ಯಾರಿಗೂ ಗೊತ್ತಿಲ್ಲ. ದುಡ್ಡು ಕೊಟ್ಟವರು ಹಡಗು ಹತ್ತಿ ಬಂದು ದಡದಲ್ಲಿ ಗುಡಾರ ಹಾಕಿ ಕಾಯುತ್ತಿದ್ದಾರೆ, ಊರು ಎಲ್ಲಿ ಅನ್ನುವುದೇ ಇನ್ನೂ ಗೊತ್ತಾಗಿಲ್ಲ.

ಲೈಟ್ ಸಮುದ್ರದಿಂದ ಕೆಲವು ಮೈಲಿ ಒಳಗೆ, ಟಾರೆನ್ಸ್ ನದಿಯ ಪಕ್ಕ ಜಾಗ ಆರಿಸಿದರು. ಗವರ್ನರ್ ಹಿಂಡ್‌ಮಾರ್ಶ್ ಅವರಿಗೆ ಅದು ಹಿಡಿಸಲಿಲ್ಲ, ಬಂದರಿಗೆ ಹತ್ತಿರ ಇರಬೇಕು ಅಂದರು. 1837ರ ಫೆಬ್ರವರಿಯಲ್ಲಿ ಜಮೀನು ಕೊಂಡವರೆಲ್ಲ ಸಭೆ ಸೇರಿ ಲೈಟ್ ಆರಿಸಿದ ಜಾಗವೇ ಇರಲಿ ಅಂದರು. ಅಷ್ಟರಲ್ಲಿ ಅಳತೆ ನಡೆದೇ ಇತ್ತು. ಜನವರಿ 11ಕ್ಕೆ ಶುರು, ಮಾರ್ಚ್ 10ಕ್ಕೆ ಮುಗಿಯಿತು. ಎರಡೇ ತಿಂಗಳಲ್ಲಿ ಒಂದೊಂದು ಎಕರೆಯ 1,042 ನಿವೇಶನ, ಮಧ್ಯೆ ಚೌಕಗಳು, ಸುತ್ತ ಪಾರ್ಕು. ನೀವು ಓಡಾಡಿದ ಕಿಂಗ್ ವಿಲಿಯಂ ರಸ್ತೆಯ ಅಗಲ 132 ಅಡಿ. ಅಂದರೆ ಎರಡು ಸರಪಳಿ. ಆಗಿನ ಸರ್ವೇ ಸರಪಳಿ 66 ಅಡಿ, ನೂರು ಕೊಂಡಿ. ನಮ್ಮ ಗುಂಟೆ 33 ಅಡಿಗೆ 33 ಅಡಿ ಅಲ್ವಾ, ಅದರ ಒಂದು ಬದಿ ಆ ಸರಪಳಿಯ ಸರಿಯಾಗಿ ಅರ್ಧ!

ಆದರೆ ಪ್ರತಿಮೆ ನಿಲ್ಲಬೇಕಾದ ಕಾರಣ, ನನ್ನ ಲೆಕ್ಕದಲ್ಲಿ, ಅವರು ಮಾಡಲು ಒಪ್ಪದೆ ಬಿಟ್ಟ ಕೆಲಸ. ಊರು ಮುಗಿದರೂ ಹೊಲಗಳ ಅಳತೆ ಬಾಕಿ ಇತ್ತು. ಆಳು ಕಮ್ಮಿ, ಎತ್ತಿನ ಗಾಡಿ ಕಮ್ಮಿ. ಹೆಚ್ಚು ಜನ ಕಳಿಸಿ ಅಂತ ಕೇಳಲು ತಮ್ಮ ಸಹಾಯಕ ಕಿಂಗ್‌ಸ್ಟನ್ ಅವರನ್ನು ಲಂಡನ್ನಿಗೆ ಕಳಿಸಿದರು. ಅವರು 1838ರ ಜೂನ್‌ನಲ್ಲಿ ಆಳುಗಳ ಬದಲು ಆದೇಶ ಹೊತ್ತು ಬಂದರು: ಬೇಗ ಬೇಗ ಓಡುವ ಅಳತೆ ಮಾಡಿ, ಇಲ್ಲದಿದ್ದರೆ ಕೆಲಸ ಕಿಂಗ್‌ಸ್ಟನ್‌ಗೆ ಬಿಟ್ಟುಕೊಡಿ. ಲೈಟ್ ರಾಜೀನಾಮೆ ಕೊಟ್ಟರು. ಇಲಾಖೆಯ ಹೆಚ್ಚಿನವರೂ ಅವರ ಹಿಂದೆಯೇ ಹೊರಬಂದರು.

ಓಡುವ ಅಳತೆ ಅಂದರೆ ಒಂದು ಗೆರೆಯ ತುದಿಯಿಂದ ಮುಂದಿನದು, ಅದರ ತುದಿಯಿಂದ ಇನ್ನೊಂದು. ಮೊದಲ ಗೆರೆಯಲ್ಲಿ ಅರ್ಧ ಅಡಿ ತಪ್ಪಿದರೆ ಕೊನೆಯ ಹೊಲದವರೆಗೂ ಆ ತಪ್ಪು ಜೊತೆಗೆ ಬರುತ್ತದೆ, ದಾರಿಯಲ್ಲಿ ಇನ್ನಷ್ಟು ಸೇರಿಕೊಳ್ಳುತ್ತದೆ. ತ್ರಿಕೋನ ಮೋಜಣಿ ಹಾಗಲ್ಲ. ಒಂದು ಗೆರೆಯನ್ನು ತಾಳ್ಮೆಯಿಂದ ಅಳೆದು, ಮಿಕ್ಕಿದ್ದನ್ನು ಕೋನ ನೋಡಿ ಲೆಕ್ಕ ಹಾಕುತ್ತಾರೆ, ತಪ್ಪಾದರೆ ಅಲ್ಲೇ ಗೊತ್ತಾಗುತ್ತದೆ. 1800ರಲ್ಲಿ ಇಂಗ್ಲಿಷ್ ಸರ್ವೇಯರ್ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಹತ್ತಿರ ಅಂಥದೇ ಒಂದು ಆಧಾರ ಗೆರೆ ಅಳೆದಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಇಳಿಜಾರು ಹೊಲ ಅಳೆದೆವು. ಸಂಜೆಯೊಳಗೆ ಮುಗಿಸಿ ಅಂತ ಮೇಲಿನವರ ಒತ್ತಡ. ಸರಪಳಿಯನ್ನು ಮಟ್ಟವಾಗಿ ಎತ್ತಿ ಹಿಡಿಯಬೇಕಿತ್ತು, ನಾವು ಸುಮ್ನೆ ನೆಲದ ಮೇಲೆ ಎಳೆದುಕೊಂಡು ಹೋದೆವು. ಇಳಿಜಾರಿನ ಉದ್ದ ಯಾವಾಗಲೂ ಜಾಸ್ತಿ ಬರುತ್ತದೆ. ಬಾಂದುಕಲ್ಲು ಇರಬೇಕಾದ ಕಡೆ ಬೀಳಲಿಲ್ಲ, ಆ ಹೊಲದ ಅಣ್ಣ ತಮ್ಮ ಮಾತು ಬಿಟ್ಟರು. ಎರಡನೇ ಸಲ ಹದ್ದುಬಸ್ತು ಮಾಡಲು ಹೋದಾಗ ಅವರ ತಾಯಿ ನಮಗೆ ನೀರು ತಂದುಕೊಟ್ಟು, ಏನೂ ಮಾತಾಡದೆ ಒಳಗೆ ಹೋದರು. ಅದು ನನಗೆ ಇವತ್ತಿಗೂ ನೋವು. ಅದಕ್ಕೇ ಲೈಟ್ ಅವರ ಹಟ ನನಗೆ ಅರ್ಥವಾಗುತ್ತದೆ.

1839ರ ಜನವರಿಯಲ್ಲಿ ಬೆಂಕಿ ಬಿದ್ದು ಅವರ ಗುಡಿಸಲು, ಕಾಗದಪತ್ರ ಸುಟ್ಟುಹೋದವು. ಅದೇ ವರ್ಷ ಅಕ್ಟೋಬರ್ 6ರಂದು ಕ್ಷಯದಿಂದ ತೀರಿಕೊಂಡರು, 53 ವರ್ಷ. ಅವರ ಸಮಾಧಿ ಊರಿನೊಳಗೇ ಲೈಟ್ ಸ್ಕ್ವೇರಿನಲ್ಲಿದೆ.

ಪ್ರಶ್ನೆ: ಹೊಸ ವಸಾಹತಿನಲ್ಲಿ ರಸ್ತೆ, ಕಟ್ಟಡಗಳಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು?
(ಒಬ್ಬ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಅಡಿಲೇಡಿನದನ್ನೇ ಹೇಳುತ್ತೇನೆ. ಜಮೀನು ಮಾರಿದ ದುಡ್ಡಿನಲ್ಲಿ ಕೂಲಿಯವರನ್ನು ಹಡಗಿನಲ್ಲಿ ಕರೆಸುವುದು, ಇದು ಯೋಜನೆ. ಅಧಿಕಾರ ಮಾತ್ರ ಇಬ್ಬರಿಗೆ ಹಂಚಿದ್ದರು. ಆಡಳಿತ ಗವರ್ನರ್ ಹಿಂಡ್‌ಮಾರ್ಶ್‌ಗೆ, ಜಮೀನು ಮತ್ತು ಅದರ ಹಣ ರೆಸಿಡೆಂಟ್ ಕಮಿಷನರ್ ಫಿಶರ್‌ಗೆ. ಇಬ್ಬರಿಗೂ ಒಂದು ದಿನವೂ ಹೊಂದಲಿಲ್ಲ. 1838ರಲ್ಲಿ ಬಂದ ಮುಂದಿನ ಗವರ್ನರ್ ಗಾಲರ್‌ಗೆ ಎರಡೂ ಹುದ್ದೆ ಕೊಟ್ಟರು. ಆಗ ಅಳತೆ ಮುಗಿದಿಲ್ಲ, ಹೊಲಕ್ಕೆ ಹೋಗಬೇಕಾದವರೆಲ್ಲ ಊರಲ್ಲೇ ಖಾಲಿ ಕೂತಿದ್ದಾರೆ. ಗಾಲರ್ ಸರ್ವೇಗೆ ಜನ ಹೆಚ್ಚಿಸಿದರು, ಕೆಲಸ ಇಲ್ಲದವರನ್ನು ರಸ್ತೆ, ಸರ್ಕಾರಿ ಕಟ್ಟಡದ ಕೆಲಸಕ್ಕೆ ಹಚ್ಚಿದರು, ಲಂಡನ್ನಿನ ಮೇಲೆ ಹುಂಡಿ (ಹಣ ಅಲ್ಲಿನವರು ಕೊಡಬೇಕು ಅನ್ನುವ ಚೀಟಿ) ಬರೆಯುತ್ತಾ ಹೋದರು. 1840ರಲ್ಲಿ ಲಂಡನ್ ಆ ಹುಂಡಿಗಳಿಗೆ ಹಣ ಕೊಡಲಿಲ್ಲ. 1841ರಲ್ಲಿ ಅವರನ್ನು ವಾಪಸ್ ಕರೆಸಿ ಜಾರ್ಜ್ ಗ್ರೇ ಅವರನ್ನು ಕಳಿಸಿದರು, ಗ್ರೇ ಖರ್ಚು ಕತ್ತರಿಸಿದರು. ದುಂದುಗಾರ ಅಂತ ಗಾಲರ್‌ಗೆ ಕೆಟ್ಟ ಹೆಸರು ಬಂತು. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಅಳೆಯದ ಜಮೀನು ಮಾರಿದ್ದು ಲಂಡನ್ನಿನವರು, ಬಂದ ಜನರಿಗೆ ಊಟ ಹಾಕಬೇಕಾದದ್ದು ಗಾಲರ್.

ಪ್ರಶ್ನೆ: ಟಾರೆನ್ಸ್ ಪದ್ಧತಿ ಅಂದರೆ ಏನು? ನಮ್ಮ ಪಹಣಿಗಿಂತ ಹೇಗೆ ಬೇರೆ?
(ಒಬ್ಬ ಓದುಗರು, ಹಾವೇರಿ)

ಉತ್ತರ: ಇದೂ ಅದೇ ಊರಿನಲ್ಲಿ ಹುಟ್ಟಿದ್ದು. 1858ರಲ್ಲಿ ರಾಬರ್ಟ್ ರಿಚರ್ಡ್ ಟಾರೆನ್ಸ್ ಜಾರಿಗೆ ತಂದರು. ನದಿಯ ಹೆಸರು ಅವರ ತಂದೆಯದು. ಸರ್ಕಾರಿ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸರ್ಕಾರವೇ ಖಾತ್ರಿ ಕೊಡುತ್ತದೆ. ನಮ್ಮಲ್ಲಿ ಕ್ರಯಪತ್ರ ನೋಂದಣಿ ಆದರೆ ವ್ಯವಹಾರ ದಾಖಲಾಯಿತು ಅಷ್ಟೆ, ಮಾರಿದವನಿಗೆ ಹಕ್ಕಿತ್ತು ಅನ್ನುವುದಕ್ಕೆ ಸರ್ಕಾರ ಹೊಣೆಯಲ್ಲ. ಪಹಣಿಯೂ ಬೇರೆ ಪುರಾವೆ ಬರುವವರೆಗೆ ಮಾತ್ರ ನಿಜ ಅಂತ ಇಟ್ಟುಕೊಳ್ಳುವ ದಾಖಲೆ. ಅದಕ್ಕೇ ಮೂವತ್ತು ವರ್ಷದ ಹಳೇ ಕಾಗದ ಹುಡುಕುತ್ತಾ ಅಲೆಯುತ್ತೇವೆ.

ಒಂದು ವಿಷಯ ಬಿಡಬಾರದು. ಆ ರಿಜಿಸ್ಟರ್ ಶುರುವಾಗುವ ಮೊದಲೇ ಅಲ್ಲಿ ಆ ನೆಲದ ಮೂಲನಿವಾಸಿಗಳಾದ ಕೌರ್ನಾ ಜನ ಇದ್ದರು. ನೆಲದ ಮೇಲೆ ಅವರಿಗಿದ್ದ ಹಕ್ಕು ಉಳಿಯಬೇಕು ಅಂತ ಇಂಗ್ಲೆಂಡಿನ ರಾಜ 1836ರಲ್ಲಿ ಹೊರಡಿಸಿದ ಆಜ್ಞಾಪತ್ರದಲ್ಲೇ ಬರೆದಿತ್ತು, ಆದರೆ ಲಂಡನ್ನಿನಲ್ಲಿ ಎಕರೆ ಮಾರಿದವರು ಅವರನ್ನು ಕೇಳಲೇ ಇಲ್ಲ. ಅಡಿಲೇಡ್ ಭಾಗದಲ್ಲಿ ಅವರ ಹಕ್ಕನ್ನು ಕೋರ್ಟು ಒಪ್ಪಿದ್ದು 2018ರಲ್ಲಿ. ತಿಪಟೂರಿನವರು ಮತ್ತೆ ಹೋದರೆ ಊರ ನಡುವಿನ ವಿಕ್ಟೋರಿಯಾ ಸ್ಕ್ವೇರಿಗೂ ಹೋಗಿ ಬನ್ನಿ. ಆ ಚೌಕಕ್ಕೆ ಈಗ ಕೌರ್ನಾ ಭಾಷೆಯ ಹೆಸರೂ ಇದೆ: ತಾರ್ನ್‌ತನ್ಯಂಗ.